ಮರೆಯುವ ದಾಳ, ನೆನಪಿಡುವ ಎಲೆ

1963ರ ಮೇ ತಿಂಗಳಲ್ಲಿ ಪೊಲೀಸರು ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ಬಿನ ಮೇಲೆ ದಾಳಿ ಮಾಡಿದಾಗ ಒಳಗೆ ರಮ್ಮಿ ನಡೆದಿತ್ತು. ಹಣ ಕಟ್ಟಿಯೇ ಆಡುತ್ತಿದ್ದರು. ಆಗ ಈ ಭಾಗದಲ್ಲಿ ಜಾರಿಯಲ್ಲಿದ್ದದ್ದು ನಿಜಾಮರ ಕಾಲದ ಹೈದರಾಬಾದ್ ಜೂಜು ಕಾಯ್ದೆ. ಅದು ಫಸಲಿ 1305ರದು, ಹೆಚ್ಚುಕಡಿಮೆ 1895ರದು ಎನ್ನಿ. ಸಂಸ್ಥಾನವಿದ್ದಾಗ ಬೀದರ, ಕಲಬುರಗಿ, ರಾಯಚೂರಿನ ನಮ್ಮ ಹಿರಿಯರೂ ಇಸ್ಪೀಟಿನ ಕಟ್ಟು ಬಿಚ್ಚುವ ಮುಂಚೆ ನೆನೆಯಬೇಕಾಗಿದ್ದದ್ದು ಇದೇ ಕಾಯ್ದೆಯನ್ನು. ಮ್ಯಾಜಿಸ್ಟ್ರೇಟರು ಶಿಕ್ಷೆ ಕೊಟ್ಟರು, ಹೈಕೋರ್ಟು ಬಿಟ್ಟಿತು, ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 1967ರ ನವೆಂಬರಿನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಬರೆದ ತೀರ್ಪು ಕ್ಲಬ್ಬಿನ ಪರವಾಗಿ ಬಂತು. ಮೂರೆಲೆಯಂಥ ಆಟ ಬರೀ ಅದೃಷ್ಟದ್ದು. ರಮ್ಮಿಯಲ್ಲಾದರೋ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಕೈಯಲ್ಲಿಟ್ಟುಕೊಳ್ಳಬೇಕು, ಯಾವುದನ್ನು ಬಿಸಾಡಬೇಕು ಎಂದು ತಿಳಿದಿರಬೇಕು, ಆದ್ದರಿಂದ ಅದು ಮುಖ್ಯವಾಗಿ ಚಾತುರ್ಯದ ಆಟ, ಎಂಬುದು ಅದರ ಸಾರ.

ವಕೀಲರು ಈ ತೀರ್ಪನ್ನು ಅರ್ಧ ಶತಮಾನದಿಂದ ಜಪಿಸುತ್ತಿದ್ದಾರೆ. ನಾನು ಅದನ್ನು ಓದಿದ್ದು ಬೇರೆ ಕಾರಣಕ್ಕೆ. ಎಲೆಯಾಟಕ್ಕೆ ದಾಳ ಸೇರಿಸಬಹುದೇ, ಸೇರಿಸಿದರೆ ಯಾವ ಜಾಗದಲ್ಲಿ ಎಂಬ ಪ್ರಶ್ನೆ ಹೊಸ ಆಟ ಕಟ್ಟುವವರನ್ನೆಲ್ಲ ಒಂದಲ್ಲ ಒಂದು ದಿನ ಹಿಡಿದೇ ಹಿಡಿಯುತ್ತದೆ. ನಾನಿರುವ ಹೈದರಾಬಾದಿನಲ್ಲಿ ಮಾದಾಪುರದ ಕಡೆ ಸಾಫ್ಟ್‌ವೇರ್ ಹುಡುಗರು ಶನಿವಾರ ಸಂಜೆ ಮೇಜಿನಾಟಕ್ಕೆ ಸೇರುವುದು ಈಗ ಹೊಸದಲ್ಲ. ಅವರಲ್ಲಿ ಕೆಲವರು ತಾವೇ ಆಟ ಕಟ್ಟಲು ಹೊರಡುತ್ತಾರೆ. ಮೊದಲು ಎಲೆ ಬರೆಯುತ್ತಾರೆ, ಆಟ ಸಪ್ಪೆ ಎನಿಸಿದಾಗ ಒಂದು ದಾಳ ತಂದು ನಡುವೆ ಇಡುತ್ತಾರೆ. ಹಾಗೆ ಇಟ್ಟ ದಾಳ ಮುಕ್ಕಾಲು ಪಾಲು ಸಲ ಆಟವನ್ನು ಕೆಡಿಸಿದ್ದನ್ನು ಕಂಡಿದ್ದೇನೆ. ಕಾರಣ ಸಿಕಂದರಾಬಾದಿನ ಆ ತೀರ್ಪಿನಲ್ಲಿಯೇ ಇದೆ. ಎಲೆಯ ಕಟ್ಟಿಗೆ ನೆನಪಿದೆ, ದಾಳಕ್ಕೆ ಇಲ್ಲ.

ಎರಡು ಕಟ್ಟು ಸೇರಿಸಿ ಆಡುವ ರಮ್ಮಿಯಲ್ಲಿ ಆಟೀನ್ ಏಳು ಎರಡೇ ಇರುತ್ತವೆ. ಎರಡೂ ಕೆಳಗೆ ಬಿದ್ದದ್ದನ್ನು ನೋಡಿದವನು ಆರು-ಎಂಟು ಹಿಡಿದುಕೊಂಡು ಏಳಕ್ಕಾಗಿ ಕಾಯುವುದಿಲ್ಲ. ನೋಡದವನು ಕಾಯುತ್ತಾನೆ, ಸೋಲುತ್ತಾನೆ. ದಾಳದಲ್ಲಿ ಈ ಭೇದವೇ ಇಲ್ಲ. ಆರು ಮುಖದ ದಾಳವನ್ನು ಹನ್ನೆರಡು ಸಲ ಎಸೆದರೂ ಒಂದೇ ಒಂದು ಆರು ಬೀಳದಿರುವ ಸಂಭವ ನೂರಕ್ಕೆ ಸುಮಾರು 11. ಹದಿಮೂರನೆಯ ಸಲ ಆರು ಬೀಳುವ ಸಂಭವವೋ, ಮೊದಲು ಎಷ್ಟಿತ್ತೋ ಅಷ್ಟೇ, ಆರರಲ್ಲಿ ಒಂದು. ಒಂದರಿಂದ ಆರರವರೆಗೆ ಬರೆದ ಆರು ಎಲೆಗಳನ್ನು ಕಲಸಿ ಒಂದೊಂದಾಗಿ ತೆಗೆಯಿರಿ, ಮುಗಿದ ಮೇಲೆ ಮತ್ತೆ ಕಲಸಿ ತೆಗೆಯಿರಿ. ಹನ್ನೆರಡು ಎಳೆತದಲ್ಲಿ ಆರು ಎರಡು ಸಲ ಬಂದೇ ತೀರುತ್ತದೆ. ಸಂಖ್ಯೆಗಳು ಅವೇ, ಆಟ ಬೇರೆ.

ನಮ್ಮ ಹಳೆಯ ದಾಳದಾಟಗಳು ದಾಳದ ಈ ಮರೆವಿಗೆ ಏನು ಮಾಡಿಕೊಂಡಿದ್ದವು ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಹಳಗನ್ನಡದವರು ನೆತ್ತವೆಂದರು, ಲೆತ್ತವೆಂದರು, ನಮಗೆ ಅದು ಪಗಡೆ. ಹಾಸಿಗೆ ನಾಲ್ಕು ತೋಳು, ತೋಳಿಗೆ 24 ಮನೆ, ಒಟ್ಟು 96. ಪಗಡೆಯ ದಾಳ ಘನಾಕಾರದ್ದಲ್ಲ, ಉದ್ದನೆಯದು. ತುದಿಗಳ ಮೇಲೆ ನಿಲ್ಲಲಾರದಾದ್ದರಿಂದ ಬೀಳುವುದು ನಾಲ್ಕೇ ಮುಖ. ನಮ್ಮ ಕಡೆ ಅವುಗಳ ಮೇಲೆ 1, 3, 4, 6 ಇರುತ್ತವೆ, ಎದುರುಬದುರು ಮುಖ ಕೂಡಿದರೆ ಏಳು. ಉತ್ತರದ ಚೌಪಡದಲ್ಲಿ 1, 2, 5, 6 ಕಾಣುತ್ತದೆ. ಅದಕ್ಕೂ ಹಿಂದಕ್ಕೆ ಹೋದರೆ ಮೊಹೆಂಜೊದಾರೊದಲ್ಲಿ ಸಿಕ್ಕ ಆರು ಮುಖದ ದಾಳಗಳಲ್ಲಿ ಒಂದರ ಬೆನ್ನಿಗೆ ಎರಡು, ಮೂರರ ಬೆನ್ನಿಗೆ ನಾಲ್ಕು, ಐದರ ಬೆನ್ನಿಗೆ ಆರು. ಏಳರ ಲೆಕ್ಕ ಆಮೇಲಿನದು.

ಎರಡು ಉದ್ದ ದಾಳ ಎಸೆದಾಗ 16 ಬಗೆಯ ಜೋಡಿಗಳು ಬೀಳಬಹುದು. ಬೆರಳು ಮಡಿಚಿ ಎಣಿಸಿ ನೋಡಿ. ಅದರಲ್ಲಿ ನಾಲ್ಕು ಜೋಡಿ ಏಳನ್ನು ಕೊಡುತ್ತವೆ. ಹನ್ನೆರಡು ಒಂದೇ ಬಗೆಯಲ್ಲಿ ಬರುತ್ತದೆ. ಹನ್ನೊಂದು ಬರುವುದೇ ಇಲ್ಲ. ಹಾಗಾಗಿ ಎದುರಾಳಿಯ ಕಾಯಿಗಿಂತ ಹನ್ನೊಂದು ಮನೆ ಮುಂದೆ ನಿಂತ ಕಾಯಿಗೆ ಒಂದೇ ಎಸೆತದಲ್ಲಿ ಪೆಟ್ಟು ಬೀಳದು, ಏಳು ಮನೆ ಮುಂದೆ ನಿಂತದ್ದು ಕತ್ತಿಯ ಬಾಯಲ್ಲಿ ನಿಂತಂತೆ. ದಾಳಕ್ಕೆ ನೆನಪಿಲ್ಲದಿದ್ದರೂ ಅದಕ್ಕೊಂದು ಸ್ವಭಾವವಿದೆ, ಪಳಗಿದ ಆಟಗಾರ ಆಡುವುದು ಆ ಸ್ವಭಾವದ ಜೊತೆಗೆ.

ಕವಡೆಯದೂ ಹೀಗೇ. ಮೈಸೂರು ಸೀಮೆಯ ಚೌಕಾಬಾರವೂ ತೆಲಂಗಾಣದ ಅಷ್ಟಾಚೆಮ್ಮವೂ ಒಂದೇ ಬಳ್ಳಿಯ ಕಾಯಿಗಳು. ಐದೈದು ಮನೆಯ ಚೌಕ, ನಾಲ್ಕು ಕವಡೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ನಮಗೆ ಚೌಕ, ಇಲ್ಲಿನವರಿಗೆ ಚೆಮ್ಮ, ಎಣಿಕೆ ನಾಲ್ಕು. ನಾಲ್ಕೂ ಬೋರಲಾದರೆ ನಮಗೆ ಬಾರ, ಇವರಿಗೆ ಅಷ್ಟ, ಎಣಿಕೆ ಎಂಟು. ಎರಡಕ್ಕೂ ಇನ್ನೊಂದು ಎಸೆತ ಉಂಟು, ನಾವು ಅದನ್ನು ಗರ ಎನ್ನುತ್ತೇವೆ. ಕವಡೆ ಇಲ್ಲದ ಮನೆಯಲ್ಲಿ ಹುಣಸೆಬೀಜದ ಒಂದು ಮೈಯನ್ನು ಕಲ್ಲಿಗೆ ತೇದು ಬಿಳಿ ಮಾಡಿಕೊಂಡರಾಯಿತು. ಸಮವಾಗಿ ಬೀಳುವ ಕವಡೆಯಾದರೆ 16ರಲ್ಲಿ 6 ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು, ಒಂದೊಂದು ಸಲ ಮಾತ್ರ ನಾಲ್ಕು, ಎಂಟು. ಅಂದರೆ ಎಂಟು ಎಸೆತಕ್ಕೊಂದು ಗರ. ಕವಡೆ ಸಮವಾಗಿ ಬೀಳುವುದಿಲ್ಲ ಎನ್ನುವುದು ಬೇರೆ ಮಾತು. ಅದರ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಯಾವ ಕವಡೆ ಹೇಗೆ ಬೀಳುತ್ತದೆಂದು ಮನೆಯ ಅಜ್ಜಿಯರಿಗೆ ಗೊತ್ತಿರುತ್ತದೆ, ಅವರು ತಮ್ಮ ಕವಡೆಗಳನ್ನು ಬೇರೆಯವರಿಗೆ ಸುಮ್ಮನೆ ಕೊಡುವುದಿಲ್ಲ.

ಈ ಆಟಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅನುಕ್ರಮ. ಮೊದಲು ಎಸೆತ, ಆಮೇಲೆ ಯೋಚನೆ. ಮೂರು ಬಿದ್ದಿದೆ, ಆದರೆ ಯಾವ ಕಾಯಿ ನಡೆಸಲಿ? ಎದುರಿನವನದನ್ನು ಕಡಿಯಲೋ, ನನ್ನದನ್ನು ಕಟ್ಟೆಮನೆಗೆ ಸೇರಿಸಲೋ, ಹಣ್ಣಾಗಲು ಹತ್ತಿರವಿರುವುದನ್ನು ಮುಂದೂಡಲೋ? ದಾಳ ಸಮಸ್ಯೆಯನ್ನು ಕೊಡುತ್ತದೆ, ಉತ್ತರ ನಮ್ಮದು. ಇದನ್ನು ಎಸೆದು ಯೋಚಿಸುವ ಆಟವೆನ್ನೋಣ. ಯೋಚಿಸಿ ಎಸೆಯುವ ಆಟ ಇನ್ನೊಂದು. ಅದರಲ್ಲಿ ನಿರ್ಧಾರ ಮೊದಲು, ಗೆಲುವು ಸೋಲು ದಾಳದ ಕೈಯಲ್ಲಿ. ಹಾವು ಏಣಿ, ಅಂದರೆ ಇಲ್ಲಿನ ತೆಲುಗರ ವೈಕುಂಠಪಾಳಿ, ಎರಡಕ್ಕೂ ಸೇರದು, ಅಲ್ಲಿ ಯೋಚನೆಗೆ ಜಾಗವೇ ಇಲ್ಲ. ವೈಕುಂಠಕ್ಕೆ ಹೋಗುವವನು ಯೋಚಿಸಬಾರದೆಂದು ಅದನ್ನು ಮಾಡಿದವರ ಅಭಿಪ್ರಾಯವಿದ್ದೀತು. ಧರ್ಮರಾಯನ ಜೂಜನ್ನು ಎಲ್ಲಿಡಬೇಕೋ ಓದುಗರೇ ಹೇಳಲಿ. ನಳನ ಕಥೆಯಲ್ಲಿ ಮಾತ್ರ ಕುತೂಹಲದ ಒಂದು ಎಳೆಯಿದೆ. ತಾರೆಮರದ ಎರಡು ಕೊಂಬೆ ನೋಡಿ ಎಲೆ, ಕಾಯಿಗಳ ಲೆಕ್ಕ ಹೇಳುವ ಋತುಪರ್ಣನೇ ನಳನಿಗೆ ಅಕ್ಷಹೃದಯವನ್ನು ಕಲಿಸುತ್ತಾನೆ. ಎಣಿಕೆ ಬಲ್ಲವನಿಗೇ ದಾಳದ ಗುಟ್ಟು ತಿಳಿಯುತ್ತದೆಂದು ಭಾರತವನ್ನು ಬರೆದವರು ಕಂಡುಕೊಂಡಿದ್ದರು.

ಎಲೆಯ ಕಡೆಗೆ ಬರೋಣ. ಹೈದರಾಬಾದಿನಿಂದ ಉತ್ತರಕ್ಕೆ ಇರುವ ನಿರ್ಮಲ್ ಇಂದು ಮರದ ಗೊಂಬೆ, ವರ್ಣಚಿತ್ರಗಳಿಂದ ಹೆಸರಾಗಿದೆ. ಅಲ್ಲಿನ ನಕಾಶೆ ಕಲಾವಿದರು ಒಂದು ಕಾಲಕ್ಕೆ ಗಂಜೀಫಾ ಎಲೆಗಳನ್ನೂ ಬರೆಯುತ್ತಿದ್ದರು. ಬಾಬರನು 1527ರಲ್ಲಿ ಸಿಂಧಿನ ಗೆಳೆಯನಿಗೆ ಗಂಜೀಫಾ ಕಳಿಸಿದ್ದು ಇದರ ಹಳೆಯ ದಾಖಲೆಗಳಲ್ಲೊಂದು. ಮೊಗಲ್ ಗಂಜೀಫಾದಲ್ಲಿ ಎಂಟು ಬಣ್ಣ, ಬಣ್ಣಕ್ಕೆ 12ರಂತೆ 96 ಎಲೆ. ದಶಾವತಾರ ಗಂಜೀಫಾದಲ್ಲಿ ಹತ್ತು ಬಣ್ಣ, 120 ಎಲೆ. ಅರ್ಧ ಬಣ್ಣಗಳಲ್ಲಿ ರಾಜ, ಮಂತ್ರಿಯ ನಂತರ ಹತ್ತು ದೊಡ್ಡದು, ಉಳಿದರ್ಧದಲ್ಲಿ ಕ್ರಮ ತಿರುವುಮುರುವಾಗಿ ಒಂದೇ ದೊಡ್ಡದು. ದಶಾವತಾರದಲ್ಲಿ ಹಗಲು ರಾಮನಿದ್ದವನು ಆಟ ಶುರು ಮಾಡಿದರೆ, ರಾತ್ರಿ ಕೃಷ್ಣನಿದ್ದವನು. ದಾಳದ ಹಂಗಿಲ್ಲದೆ ಆಟಕ್ಕೆ ಏರಿಳಿತ ತಂದ ಬಗೆ ಇದು. ಸೂರ್ಯ ಮುಳುಗಿದ್ದೂ ಆಟದ ಒಂದು ನಿಯಮ!

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಎಲ್ಲಿಗೋ ಕೊಂಡೊಯ್ದರು. ಅವರ ಶ್ರೀತತ್ತ್ವನಿಧಿಯ ಕೌತುಕ ನಿಧಿಯಲ್ಲಿ ವಿವರಿಸಿರುವ ಛದಗಳಲ್ಲಿ, ಅಂದರೆ ಎಲೆಯಾಟಗಳಲ್ಲಿ, ಚಾಮುಂಡೇಶ್ವರಿ ಛದಕ್ಕೆ 16 ಬಣ್ಣ, 320 ಎಲೆ. ಅಷ್ಟು ಎಲೆಗಳಲ್ಲಿ ಯಾವುದು ಬಿದ್ದಿದೆ, ಯಾವುದು ಉಳಿದಿದೆ ಎಂದು ನೆನಪಿಡುವ ತಲೆ ಎಷ್ಟು ಜನರಿಗಿದೆ? ಛದ ಅರಮನೆಯಾಚೆಗೆ ಹಬ್ಬದಿರಲು ಎಲೆ ಬರೆಸುವ ಖರ್ಚಿನ ಜೊತೆಗೆ ಇದೂ ಒಂದು ಕಾರಣವೆಂದು ನನಗನಿಸುತ್ತದೆ.

ಈ ಮಾತಿಗೆ ಆಟ ಕಟ್ಟುವವರ ಮಟ್ಟಿಗೆ ಬೆಲೆಯಿದೆ. ಕಟ್ಟು ದೊಡ್ಡದಾದಷ್ಟೂ ಅದರ ನೆನಪು ಮಸುಕು. ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರಲ್ಲಿ ಬ್ಲ್ಯಾಕ್‌ಜಾಕ್‌ನಲ್ಲಿ ಎಲೆ ಎಣಿಸಿ ಗೆಲ್ಲುವ ದಾರಿಯನ್ನು ಪುಸ್ತಕ ಮಾಡಿ ಹಂಚಿದ ಮೇಲೆ ಕ್ಯಾಸಿನೊಗಳು ಒಂದರ ಬದಲು ಆರು, ಎಂಟು ಕಟ್ಟು ಸೇರಿಸಿ ಆಡಿಸತೊಡಗಿದವು. ಆಮೇಲೆ ಬಿದ್ದ ಎಲೆಯನ್ನು ಆಗಿಂದಾಗಲೇ ಒಳಕ್ಕೆಳೆದು ಕಲಸುವ ಯಂತ್ರವೂ ಬಂತು. ಹಾಗೆ ಕಲಸಿದ ಮೇಲೆ ಎಲೆಗೆ ಎಲೆಯ ಆಕಾರ ಮಾತ್ರ ಉಳಿಯಿತು, ಗುಣವೆಲ್ಲ ದಾಳದ್ದು. ಹಾಗಾದರೆ ದಾಳವೋ ಎಲೆಯೋ ಎಂಬ ಪ್ರಶ್ನೆಯೇ ಪೂರ್ತಿ ಸರಿಯಲ್ಲ. ಎಷ್ಟು ಮರೆವು ಬೇಕು ಎಂದು ಕೇಳಿಕೊಳ್ಳಬೇಕು. ಹತ್ತು ಎಲೆಯ ಕಟ್ಟು ಒಂದು ತುದಿ, ದಾಳ ಇನ್ನೊಂದು ತುದಿ, ನಡುವೆ ಬೇಕಾದಷ್ಟು ಮೆಟ್ಟಿಲು.

ಇದಕ್ಕೆ ಒಳ್ಳೆಯ ಸಾಕ್ಷಿ ಜರ್ಮನಿಯ ಕ್ಲಾಸ್ ಟಾಯ್ಬರ್ 1995ರಲ್ಲಿ ತಂದ ಕಟಾನ್. ಎರಡು ದಾಳದ ಮೊತ್ತಕ್ಕೆ ತಕ್ಕಂತೆ ಇಟ್ಟಿಗೆ, ಮರ, ಗೋಧಿ ಸಿಗುವ ಆಟ ಅದು. ಎಂಟರ ಮೇಲೆ ಊರು ಕಟ್ಟಿದವನಿಗೆ ಅರ್ಧ ಗಂಟೆ ಎಂಟು ಬೀಳದಿದ್ದರೆ ಅವನು ಸುಮ್ಮನೆ ಬೇರೆಯವರ ಮುಖ ನೋಡುತ್ತ ಕೂರಬೇಕು. ಈ ಗೋಳು ಕೇಳಿ ಕೇಳಿ ಆಮೇಲೆ ದಾಳದ ಬದಲಿಗೆ 36 ಎಲೆಯ ಕಟ್ಟೊಂದು ಬಂತು. ಎರಡು ದಾಳದ 36 ಫಲಿತಗಳೂ ಅದರಲ್ಲಿ ಲೆಕ್ಕಕ್ಕೆ ಸರಿಯಾಗಿ ಇವೆ. ಜಾಣತನವಿರುವುದು ಅದರ ಕೊನೆಯಲ್ಲಿ. ಮರುಕಲಸಿನ ಎಲೆಯೊಂದನ್ನು ತಳದಿಂದ ಐದು ಎಲೆಯ ಮೇಲೆ ಸೇರಿಸಿಡುತ್ತಾರೆ. ಅದು ಬಂದ ಕೂಡಲೇ ಎಲ್ಲವನ್ನೂ ಮತ್ತೆ ಕಲಸಬೇಕು, ಕೊನೆಯ ಐದು ಯಾರಿಗೂ ಕಾಣುವುದಿಲ್ಲ. ನೆನಪಿಗೆ ಜಾಗ ಕೊಟ್ಟರು, ಅದರ ಬಾಲವನ್ನು ಕತ್ತರಿಸಿದರು. ಇಷ್ಟಾಗಿಯೂ ಕಟಾನ್ ಆಡುವ ಹೆಚ್ಚಿನವರು ದಾಳವನ್ನೇ ಎತ್ತಿಕೊಳ್ಳುವುದನ್ನು ನೋಡಿದ್ದೇನೆ. ಗೊಣಗಲು ಏನಾದರೂ ಬೇಕಲ್ಲ.

ಎಲೆಯಾಟದೊಳಕ್ಕೆ ದಾಳ ಬಂದ ಉದಾಹರಣೆಗಳಲ್ಲಿ 2001ರ ಮಂಚ್‌ಕಿನ್ ಸರಳವಾದದ್ದು. ರಾಕ್ಷಸನೊಡನೆ ಕಾದಾಡುವುದು ಎಲೆಗಳ ಬಲದ ಮೇಲೆ, ಸೋತು ಓಡುವಾಗ ಮಾತ್ರ ದಾಳ. ಐದು, ಆರು ಬಿದ್ದರೆ ಬಚಾವು. ಎಲೆಯಾಟದ ಲೆಕ್ಕಾಚಾರ ಮುಗಿದು ಮನುಷ್ಯ ಕಾಲಿಗೆ ಬುದ್ಧಿ ಹೇಳುವ ಗಳಿಗೆಗೆ ದಾಳವನ್ನು ಮೀಸಲಿಟ್ಟದ್ದು ಸರಿಯೆನಿಸುತ್ತದೆ, ಓಡುವವನಿಗೆ ಲೆಕ್ಕ ಎಲ್ಲಿಂದ ಬರಬೇಕು? ರಿಚರ್ಡ್ ಬೋರ್ಗ್ ಅವರ ಮೆಮ್ವಾರ್ 44 (2004) ಯುದ್ಧದ ಆಟ. ಯಾವ ದಂಡು ಕದಲಬೇಕೆಂಬುದು ಕೈಯಲ್ಲಿರುವ ಎಲೆಯಿಂದ, ಗುಂಡು ತಗಲಿತೇ ಎಂಬುದು ದಾಳದಿಂದ. ಜಪಾನಿನ ಮಾಚಿ ಕೊರೊ (2012) ಪಗಡೆಯ ದಾರಿ ಹಿಡಿದಿಲ್ಲ. ಕೊಂಡ ಎಲೆಗಳ ಮೇಲಿನ ಸಂಖ್ಯೆ ದಾಳದಲ್ಲಿ ಬಿದ್ದರೆ ಕಾಸು, ಒಂದು ದಾಳದಲ್ಲಿರಬೇಕೋ ಎರಡಕ್ಕೆ ಹೋಗಬೇಕೋ ಎನ್ನುವುದೇ ಅದರ ಮುಖ್ಯ ಯೋಚನೆ. ಮೊದಲ ನಾಲ್ಕು ಆಟ ಚೆನ್ನ, ಆಮೇಲೆ ನನಗೆ ಬೇಸರ ಬಂತು.

ಹೆಚ್ಚು ಕಲಿಸುವುದು 2015ರ ಆಶಸ್. ಅದು ಅಪ್ಪಟ ಎಲೆಯಾಟವೇ, ಆದರೆ ಪ್ರತಿ ಸುತ್ತಿನ ಮೊದಲಿಗೆ ಆಟಗಾರ ಹತ್ತು ದಾಳ ಎಸೆಯುತ್ತಾನೆ. ಬಿದ್ದ ಮುಖಗಳೇ ಅವನ ಬಂಡವಾಳ, ಎಲೆ ಆಡಲು ಅವನ್ನು ಖರ್ಚು ಮಾಡಬೇಕು. ಮೇಲ್ದರ್ಜೆಯ ಮುಖವನ್ನು ಕೆಳದರ್ಜೆಯ ಬೆಲೆಗೂ ಕೊಡಬಹುದು. ಬೇಡದ ಮುಖ ಬಿದ್ದಿದ್ದರೆ ಕೈಯ ಒಂದು ಎಲೆ ಬಿಸಾಡಿ ದಾಳವನ್ನು ಬೇಕಾದ ಕಡೆಗೆ ತಿರುಗಿಸಿಕೊಳ್ಳಬಹುದು. ಇಲ್ಲಿ ದಾಳ ಬಿದ್ದ ಮೇಲೆ ಮೇಜಿನ ಮೇಲೆ ಉಳಿಯುತ್ತದೆ, ಎದುರಾಳಿಗೂ ಕಾಣುತ್ತದೆ, ಎಣಿಸಬಹುದು. ಎಸೆಯುವ ಗಳಿಗೆಯಲ್ಲಿ ಅದು ದಾಳ, ನೆಲಕ್ಕೆ ಬಿದ್ದ ಮೇಲೆ ಎಲೆ. ಪಗಡೆಯ ಎಸೆದು ಯೋಚಿಸುವ ಕ್ರಮವನ್ನು ಹತ್ತರಷ್ಟು ಹಿಗ್ಗಿಸಿದಂತೆ ಇದು ನನಗೆ ಕಾಣುತ್ತದೆ. 1993ರ ಮ್ಯಾಜಿಕ್ ಎಂಬ ಎಲೆಯಾಟ ಮಾತ್ರ ಬಹುಕಾಲ ದಾಳವನ್ನು ಜೀವ ಎಣಿಸುವ ಗುಮಾಸ್ತನಾಗಿಯೇ ಇಟ್ಟುಕೊಂಡಿತ್ತು. ದಾಳ ಎಸೆಯುವ ಎಲೆಗಳು ಮೊದಲು ಬಂದದ್ದು 1998ರ ತಮಾಷೆಯ ಕಟ್ಟಿನಲ್ಲಿ. ಗಂಭೀರವಾದ ಆಟಕ್ಕೆ ಇಪ್ಪತ್ತು ಮುಖದ ದಾಳ ಇಳಿದದ್ದು 2021ರಲ್ಲಿ. ಆಗಲೂ ಕಡಿಮೆ ಬಿದ್ದವನಿಗೆ ಸಾಮಾನ್ಯವಾಗಿ ಸ್ವಲ್ಪವಾದರೂ ಸಿಗುವಂತೆ, ಹೆಚ್ಚು ಬಿದ್ದವನಿಗೆ ಇನ್ನಷ್ಟು ಸಿಗುವಂತೆ ಬರೆದರು. ಎಲೆ ಕಳೆದುಕೊಂಡವನಿಗೆ ದಾಳವೂ ಕೈಕೊಟ್ಟರೆ ಅವನು ಮತ್ತೆ ಆಟಕ್ಕೆ ಬರುವುದಿಲ್ಲ.

ಇವನ್ನೆಲ್ಲ ನೋಡಿದ ಮೇಲೆ ನನ್ನ ಪಕ್ಷ ಯಾವುದೆಂದು ಮುಚ್ಚಿಡುವುದಿಲ್ಲ. ಎಲೆಯಾಟದಲ್ಲಿ ಆಗಲೇ ಒಂದು ಅದೃಷ್ಟವಿದೆ, ಕೈಗೆ ಯಾವ ಎಲೆ ಬಂತೆಂಬುದು. ಬಂದ ಎಲೆಯನ್ನು ಹದಮಾಡಿ, ಕಾದು, ಸರಿಯಾದ ಹೊತ್ತಿಗೆ ಇಳಿಸಿದವನ ಎದುರು ದಾಳ ಹಿಡಿದು ‘ಈಗ ನೋಡೋಣ’ ಎಂದರೆ ಅದು ಎರಡನೆಯ ತೆರಿಗೆ. ಯೋಚಿಸಿ ಎಸೆಯುವ ದಾಳ ಎಲೆಯಾಟಕ್ಕೆ ಒಗ್ಗುವುದು ಅಪರೂಪ. ಎಸೆದು ಯೋಚಿಸುವ ದಾಳ ಒಗ್ಗುತ್ತದೆ. ಎಣಿಸಲಷ್ಟೇ ಇಟ್ಟ ದಾಳದಿಂದ ತೊಂದರೆಯಿಲ್ಲ, ಮೊಣಕೈ ತಗುಲಿ ಉರುಳದಿದ್ದರೆ.

ಖರ್ಚಿನ ಮಾತೂ ಇದೆ, ಸಣ್ಣದಲ್ಲ. ಎಲೆಯನ್ನು ದಪ್ಪ ಕಾಗದದ ಮೇಲೆ ಮನೆಯಲ್ಲೇ ಮುದ್ರಿಸಿ, ಕತ್ತರಿಸಿ, ಬೆಳಿಗ್ಗೆ ತಪ್ಪಿದ್ದನ್ನು ಸಂಜೆಗೆ ತಿದ್ದಬಹುದು. ದಾಳದ ಮುಖದ ಮೇಲೆ ನಮ್ಮದೇ ಚಿಹ್ನೆ ಬೇಕೆಂದರೆ ಅಚ್ಚು ಬೇಕು. ಹೊಸಬರು ಖಾಲಿ ದಾಳಕ್ಕೆ ಚೀಟಿ ಅಂಟಿಸುತ್ತಾರೆ, ನಾಲ್ಕು ದಿನಕ್ಕೆ ಅದು ಏಳುತ್ತದೆ. ಇದಕ್ಕೆ ನನಗೆ ಹಿಡಿಸಿದ ಪರಿಹಾರ ಪಗಡೆಯ ಉದ್ದ ದಾಳವೇ. ಮರದ ಸಣ್ಣ ಕೋಲು, ನಾಲ್ಕು ಮುಖ, ಕಾಸಿದ ಮೊಳೆಯಿಂದ ಸುಟ್ಟ ಚುಕ್ಕಿ. ಯಾವ ಬಡಗಿಯಾದರೂ ಮಾಡಿಕೊಟ್ಟಾನು.

ಕಾನೂನಿನ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಸಿಕಂದರಾಬಾದಿನ ಕ್ಲಬ್ಬಿಗೆ ಜಯ ಸಿಕ್ಕ ಐವತ್ತೇ ವರ್ಷಕ್ಕೆ, 2017ರಲ್ಲಿ, ತೆಲಂಗಾಣ ಸರ್ಕಾರ ಸುಗ್ರೀವಾಜ್ಞೆ ತಂದು ಹಣ ಕಟ್ಟುವ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತು. ಚಾತುರ್ಯದ ಆಟಕ್ಕಿದ್ದ ವಿನಾಯಿತಿ ಹೋಯಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ಅಂಥದೇ ತಿದ್ದುಪಡಿ ತಂದಾಗ ಅಲ್ಲಿನ ಹೈಕೋರ್ಟು 2022ರ ಫೆಬ್ರವರಿಯಲ್ಲಿ ಅದನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಚಾತುರ್ಯ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು ಹಣದ ಆನ್‌ಲೈನ್ ಆಟಗಳನ್ನೆಲ್ಲ ಒಟ್ಟಿಗೆ ನಿಷೇಧಿಸುವಂಥದು. ಹಣವಿಲ್ಲದೆ ಮೇಜಿನ ಸುತ್ತ ಕೂತು ಆಡುವವರಿಗೆ ಇದರಿಂದ ಬಾಧಕವಿಲ್ಲ. ಆದರೆ ಆಟದಲ್ಲಿ ನೆನಪಿನ ಪಾಲೆಷ್ಟು ಎಂದು ತೂಗುವ ಕೆಲಸ ಕೋರ್ಟಿನಿಂದ ಇಳಿದು ಮತ್ತೆ ಆಟ ಕಟ್ಟುವವರ ಹೆಗಲಿಗೇ ಬಂದಿದೆ.

ಆ ತೂಕವನ್ನು ನಾನೊಮ್ಮೆ ಮನೆಯಲ್ಲಿ ಮಾಡಿ ನೋಡಿದೆ. ಕಾಚಿಗುಡದ ನಮ್ಮ ವಠಾರದಲ್ಲಿ ಮಧ್ಯಾಹ್ನ ಅಷ್ಟಾಚೆಮ್ಮ ಆಡುವ ತೆಲುಗಿನ ಅಮ್ಮಮ್ಮ ಒಬ್ಬರಿದ್ದಾರೆ. ಕವಡೆಯ ಬದಲು 16 ಎಲೆಯ ಕಟ್ಟು ಮಾಡಿಕೊಟ್ಟೆ. ಆರು ಎಲೆಯಲ್ಲಿ ಎರಡು, ನಾಲ್ಕರಲ್ಲಿ ಒಂದು, ನಾಲ್ಕರಲ್ಲಿ ಮೂರು, ಒಂದು ಚೆಮ್ಮ, ಒಂದು ಅಷ್ಟ. ಮೊದಲ ಕಟ್ಟು ಮುಗಿಯುವವರೆಗೆ ಗೊಣಗಿದರು. ಎರಡನೆಯ ಕಟ್ಟಿನಲ್ಲಿ ಹನ್ನೊಂದು ಎಲೆ ಎದ್ದ ಮೇಲೆ ನನ್ನ ಕಾಯಿಗಿಂತ ಎಂಟು ಮನೆ ಹಿಂದೆ ತಮ್ಮದೊಂದನ್ನು ನಿಲ್ಲಿಸಿ, ಬೇರೆ ಕಾಯಿಗಳನ್ನಷ್ಟೇ ನಡೆಸತೊಡಗಿದರು. ಅಷ್ಟ ಇನ್ನೂ ಬಂದಿರಲಿಲ್ಲ. ಹದಿನಾಲ್ಕನೆಯ ಎಲೆಗೆ ಬಂತು, ನನ್ನ ಕಾಯಿ ಹೋಯಿತು. ಕಟ್ಟನ್ನು ನನ್ನ ಕಡೆ ತಳ್ಳಿ, ‘ಚೆನ್ನಾಗಿದೆ ನಾಯ್ನಾ, ಇದು ಪೇಕಾಟ ಇದ್ದ ಹಾಗಿದೆ’ ಎಂದರು. ಪೇಕಾಟವೆಂದರೆ ನಮ್ಮ ಇಸ್ಪೀಟು. ಆಮೇಲೆ ಸೆರಗಿನ ಗಂಟು ಬಿಚ್ಚಿ ನಾಲ್ಕು ಕವಡೆ ತೆಗೆದು, ಅಂಗೈಯಲ್ಲಿ ಕುಲುಕಿ, ಉಫ್ ಎಂದು ಊದಿ ಎಸೆದರು. ಎರಡು ಬಿತ್ತು.